ಉಳ್ಳಾಗಡ್ಡಿ ಬಾರದ ಮನೆಯ ನಾಯಿ

ನಮ್ಮ ಮನೆಯೊಳಗೆ ಉಳ್ಳಾಗಡ್ಡಿ ಬರುತ್ತಿರಲಿಲ್ಲ. ಬೆಳ್ಳುಳ್ಳಿಯೂ ಇಲ್ಲ, ಬಟಾಟಿಯೂ ಇಲ್ಲ, ನೆಲದೊಳಗೆ ಬೆಳೆಯುವ ಯಾವುದೂ ಇಲ್ಲ. ಈಗ ನಮ್ಮ ಜೈನರ ಎಷ್ಟೋ ಮನೆಗಳಲ್ಲಿ ಇದೆಲ್ಲ ನಡೆಯುತ್ತದೆ. ತೊಂಬತ್ತರ ದಶಕದಲ್ಲೂ ಕೆಲವು ಕಡೆ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಅಕ್ಕ ನಡೆಯಗೊಡಲಿಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ನೀರು ಸೋಸಿಯೇ ಕುಡಿಯಬೇಕು, ಒಲೆಯ ಮೇಲೆ ಗಡ್ಡೆ ಏರಬಾರದು. ಅವಳು ಇದನ್ನು ಯಾರಿಗೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಾನು ಮಾಡುತ್ತಿದ್ದಳು, ಉಳಿದವರು ಹಾಗೇ ಮಾಡಬೇಕಾಗುತ್ತಿತ್ತು. ಉಳಿದವರು ಎಂದರೆ ಅವಳ ತಮ್ಮನಾದ ನಾನು, ಮತ್ತು ನಾಯಿ.

ನಾನು ಹೊಲದಲ್ಲಿ ತಿನ್ನುತ್ತಿದ್ದೆ.

ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮೂಡಲಗಿಯ ಹೊರಗೆ ಕಬ್ಬು, ಗೋವಿನಜೋಳ ಬೆಳೆಯುವ ನಮ್ಮ ಹೊಲವಿತ್ತು. ಅಪ್ಪ ಹೋದ ಮೇಲೆ ಅದನ್ನು ನಾನೇ ನೋಡಿಕೊಳ್ಳಬೇಕಾಯಿತು. ಕಳೆ ತೆಗೆಯಲು ಬರುತ್ತಿದ್ದ ಹೆಂಗಸರಲ್ಲಿ ಹಿರಿಯಳೊಬ್ಬಳಿದ್ದಳು. ಅವಳನ್ನು ಆಯಿ ಎಂದು ಕರೆಯುತ್ತಿದ್ದೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ಅವಳು ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿದ ಕಡಲೆಹಿಟ್ಟಿನ ಝುಣಕ. ಒಂದು ಹಸಿ ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ಕೊಡುತ್ತಿದ್ದಳು. ಅಕ್ಕ ಕಟ್ಟಿಕೊಟ್ಟ ಬುತ್ತಿಯನ್ನು ಅವಳಿಗೆ ಕೊಟ್ಟು ಅವಳದನ್ನು ನಾನು ತಿನ್ನುತ್ತಿದ್ದೆ. ಅವಳಿಗೂ ಅದು ಒಪ್ಪಿಗೆಯಾಗಿತ್ತು, ಅಕ್ಕನ ಬುತ್ತಿಯಲ್ಲಿ ತುಪ್ಪ ಇರುತ್ತಿತ್ತು.

"ತಮ್ಮಾ, ಸ್ವರ್ಗದ ಬಾಗಲದಾಗ ನಿಮ್ಮ ಮಂದಿ ಬಾಯಿ ಮೂಸಿ ನೋಡಿ ಒಳಗ ಬಿಡ್ತಾರಂತ," ಎಂದು ಆಯಿ ಕಾಡುತ್ತಿದ್ದಳು.

"ಹಂಗಾರ ನೀ ಮುಂದ ಹೋಗಿ ಬಾಗಲಾ ತಗಿ. ನಾ ಹಿಂದಿಂದ ಬರ್ತೇನಿ."

"ನನ್ನ ಯಾರ ಬಿಡ್ತಾರೋ ಒಳಗ? ನಾ ಅಲ್ಲೂ ಹೊರಗ ಕುಂತು ಕಳೆ ತಗಿಯಾಕೀನ."

ತಿಂದು ಉಳಿದದ್ದನ್ನು ಮನೆಗೆ ಒಯ್ಯುವಂತಿರಲಿಲ್ಲ. ಬುತ್ತಿಯ ಡಬ್ಬಿಗೆ ವಾಸನೆ ಹತ್ತಿದರೂ ಅಕ್ಕನಿಗೆ ತಿಳಿಯುತ್ತಿತ್ತು. ಉಳಿದ ಝುಣಕ, ಗುದ್ದಿದ ಉಳ್ಳಾಗಡ್ಡಿಯ ಚೂರು, ಎಲ್ಲವನ್ನೂ ರೊಟ್ಟಿಗೆ ಒರೆಸಿ, ನನ್ನ ಹಿಂದೆ ಹೊಲಕ್ಕೆ ಬರುತ್ತಿದ್ದ ನಾಯಿಗೆ ಹಾಕುತ್ತಿದ್ದೆ. ಅದು ಡಬ್ಬಿಯನ್ನೂ ನೆಕ್ಕಿ ಬೆಳಗಿ ಇಡುತ್ತಿತ್ತು. ಆಮೇಲೆ ನಾನು ಬಾವಿಯ ನೀರಿನಲ್ಲಿ ಬಾಯಿ ತೊಳೆದು ಒಂದು ಚಿಟಿಕೆ ಜೀರಿಗೆ ಅಗಿದು ಮನೆಗೆ ಹೋಗುತ್ತಿದ್ದೆ. ನಾಯಿಗೆ ಪ್ರೀತಿಯಿಂದ ಹಾಕಿದೆ ಎಂದರೆ ಅರ್ಧ ಮಾತ್ರ ನಿಜ. ಉಳಿದರ್ಧ, ನನ್ನ ಕಳವು ಮುಚ್ಚಲು ಅದರ ಹೊಟ್ಟೆ ನನಗೆ ಬೇಕಾಗಿತ್ತು.

ಆ ನಾಯಿ ನನ್ನದಾಗಿರಲಿಲ್ಲ. ಅಕ್ಕನದು. ಅವಳನ್ನು ಹುಕ್ಕೇರಿಗೆ ಕೊಟ್ಟಿದ್ದರು. ಮದುವೆಯಾಗಿ ಬಹಳ ದಿನ ಆಗುವ ಮೊದಲೇ ಗಂಡ ಜ್ವರದಿಂದ ತೀರಿಕೊಂಡರು, ಮಕ್ಕಳಿರಲಿಲ್ಲ. ಆ ಮನೆಯವರಲ್ಲಿ ಯಾರೋ ಅವಳ ಕಾಲ್ಗುಣದ ಮಾತು ಎತ್ತಿದರಂತೆ. ಅವಳು ಎದುರು ಮಾತಾಡಲಿಲ್ಲ. ಎರಡು ಸೀರೆ ಕೈಚೀಲದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ್ದ ಕೆಂಚು ಬಣ್ಣದ ಹೆಣ್ಣು ಮರಿಯೊಂದು ಹಿಂದೆಯೇ ಬಂತು. ಓಡಿಸಿದರೂ ಹೋಗಲಿಲ್ಲ. ಅದನ್ನು ಸೀರೆಗಳ ನಡುವೆ ಕೂರಿಸಿಕೊಂಡು ಮೂಡಲಗಿಗೆ ಬಂದಳು. ಆ ಊರಿನ ಮಣ್ಣು ತುಳಿಯುವುದಿಲ್ಲ, ಆ ಊರಿನ ನೀರು ಮುಟ್ಟುವುದಿಲ್ಲ ಎಂದು ಬಸ್ಸಿನಲ್ಲಿ ಕುಳಿತೇ ಮನಸ್ಸಿನಲ್ಲಿ ನೇಮ ಮಾಡಿಕೊಂಡಿದ್ದಳು. ಮರಿಯನ್ನು ಕೂಸ ಎಂದೇ ಕರೆಯುತ್ತಿದ್ದಳು. ದೊಡ್ಡದಾದ ಮೇಲೂ ಅದು ಕೂಸೇ.

ಒಂದು ಮಳೆಗಾಲದ ಕೊನೆಗೆ ನಾಯಿ ನನ್ನ ಹಿಂದೆ ಹೊಲಕ್ಕೆ ಬರುವುದನ್ನು ಬಿಟ್ಟಿತು. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಮಲಗಿಬಿಡುತ್ತಿತ್ತು. ಅದರ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಅಕ್ಕ ತುಟಿ ಎತ್ತಿ ನೋಡಿದರೆ ವಸಡು ಒಗೆದ ಅರಿವೆಯಂತೆ ಬೆಳ್ಳಗೆ; ಕಣ್ಣಿನ ಬಿಳಿ ಭಾಗ ಹಳದಿ. ಕಾಮಣಿ ಆಗಿದೆ, ಸೊಪ್ಪಿನ ಔಷಧ ಹಾಕಿಸಿರಿ ಎಂದರು ಓಣಿಯವರು. ಅಕ್ಕ ಮಾತ್ರ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಗೋಕಾಕಿನ ಬಸ್ಸು ಹತ್ತಿದಳು, ನಾನು ಜೊತೆಗೆ.

"ನಾಯಿಗೂ ಟಿಕೀಟ್ ತಗಸಬೇಕಾಕ್ಕೈತಿ ನೋಡ್ರಿ," ಎಂದ ಕಂಡಕ್ಟರ್.

"ಪೂರಾ ಟಿಕೀಟ ಹರೀರಿ. ಆದ್ರ ಅದಕ್ಕ ಸೀಟ್ ಬಿಟ್ಟು ಕೊಡ್ರಿ," ಎಂದಳು ಅಕ್ಕ. ಅವನು ನಗುತ್ತ ಮುಂದೆ ಹೋದ.

ಗೋಕಾಕಿನ ದನದ ಡಾಕ್ಟರು ಹೆಚ್ಚು ವಯಸ್ಸಿನವರಲ್ಲ. ಮೊದಲು ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿದರು. ರಕ್ತ ತೆಗೆದು ಒಂದು ಹನಿಯನ್ನು ಗಾಜಿನ ತುಂಡಿನ ಮೇಲೆ ಹಾಕಿ, ಸಲಾಯಿನ್ ನೀರು ಬೆರೆಸಿ, ಆ ಕಡೆ ಈ ಕಡೆ ವಾಲಿಸಿದರು. ಉಳಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಗಾಜಿನ ತುಂಡನ್ನು ನಮಗೂ ತೋರಿಸಿದರು. ರಕ್ತ ಒಡೆದ ಹಾಲಿನಂತೆ ಕಾಳುಕಾಳಾಗಿತ್ತು.

"ಉಣ್ಣಿ ಜ್ವರ ಅಲ್ರಿ ಇದು," ಎಂದರು. "ಮೈಯಾಗ ಕಾವಲಗಾರರು ಇರ್ತಾರಲ್ಲ, ರೋಗ ಬಂದ್ರ ಹೊಡ್ಯಾವ್ರು. ಇದರ ಮೈಯಾಗ ಅವರಿಗೆ ತಲಿ ಕೆಟ್ಟೈತಿ. ಮನಿಯವ್ರನ್ನ ಕಳ್ಳರಂತ ತಿಳದು ಹೊಡಿಯಾಕತ್ತಾರ. ತನ್ನ ರಕ್ತಾನ ತಾನ ಒಡಿಯಾಕತ್ತೈತಿ ಇದು."

ಅಕ್ಕನಿಗೆ ಅರ್ಥವಾಯಿತು ಎಂದು ಅವಳ ಮುಖದಲ್ಲಿ ಕಂಡಿತು.

"ಇನ್ನೊಂದು ಕೇಳ್ತೇನಿ. ಉಳ್ಳಾಗಡ್ಡಿ, ಬೆಳ್ಳೊಳ್ಳಿ ಏನರ ತಿಂತೈತೇನ್ರಿ? ಮನಷ್ಯಾಗ ಏನೂ ಆಗೂದಿಲ್ಲ, ನಾಯಿಗೆ ಅದು ರಕ್ತ ಒಡಿತೈತಿ."

ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ನಾವು ಜೈನರ್ರಿ, ಡಾಕ್ಟರ. ಅದು ನಮ್ಮ ಹೊಸ್ತಿಲಾ ದಾಟಿಲ್ಲ. ಬೇಕಾದ್ರ ನಮ್ಮ ಓಣಿಯವ್ರನ್ನ ಕೇಳ್ರಿ."

"ನಿಮ್ಮನ್ನ ಕೇಳಿದ್ರ ಸಾಕಲ್ರಿ," ಎಂದು ಡಾಕ್ಟರು ನಕ್ಕರು.

ನಾನು ನಾಯಿಯ ಹಿಂಗಾಲು ಹಿಡಿದು ನಿಂತಿದ್ದೆ. ಪ್ರಶ್ನೆ ನನಗೆ ಕೇಳಿರಲಿಲ್ಲ ಎಂದು ಆಗ ಅಂದುಕೊಂಡೆ. ಬಹಳ ಕಾಲ ಹಾಗೇ ಅಂದುಕೊಂಡಿದ್ದೆ.

ಸ್ಟಿರಾಯಿಡ್ ಗುಳಿಗೆ ಬರೆದುಕೊಟ್ಟರು. ನಾಯಿ ಎಷ್ಟೇ ಚೆನ್ನಾಗಿ ಕಂಡರೂ ನೀವಾಗಿ ನಿಲ್ಲಿಸಬಾರದು, ಇಳಿಸುವುದನ್ನು ನಾನು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು. ರಕ್ತ ಬೆಳೆಯಲು ತತ್ತಿ ನಡೆಯುತ್ತದೆಯೇ ಎಂದು ಕೇಳಲು ಹೋಗಿ ಅಕ್ಕನ ಕಡೆ ನೋಡಿ, "ಬಿಡ್ರಿ, ಮಾರಿ ನೋಡಿದ್ರ ಗೊತ್ತಾತು," ಎಂದು ಟಾನಿಕ್ಕಿನ ಹೆಸರು ಬರೆದರು.

ಅಲ್ಲಿಂದ ಮುಂದೆ ಅಕ್ಕನ ದಿನವೆಲ್ಲ ನಾಯಿಯ ಸುತ್ತ ತಿರುಗಿತು. ಗುಳಿಗೆಯನ್ನು ತುಪ್ಪ ಬೆಲ್ಲದ ಉಂಡೆಯಲ್ಲಿ ಮುಚ್ಚಿ ತಿನ್ನಿಸುತ್ತಿದ್ದಳು. ಆ ಗುಳಿಗೆಯಿಂದ ನಾಯಿಗೆ ಎಲ್ಲಿಲ್ಲದ ಹಸಿವು, ಎಲ್ಲಿಲ್ಲದ ನೀರಡಿಕೆ. ಬಕೆಟ್ಟಿಗೆ ಬಾಯಿ ಹಾಕಿದರೆ ತೆಗೆಯುತ್ತಿರಲಿಲ್ಲ, ಮಲಗಿದಲ್ಲೇ ಒದ್ದೆ ಮಾಡಿಕೊಳ್ಳುತ್ತಿತ್ತು. ಹಳೆಯ ಸೀರೆಗಳನ್ನು ಹರಿದು ಹಾಸಿ, ಬೆಳಿಗ್ಗೆ ಎದ್ದು ಅವನ್ನೆಲ್ಲ ಒಗೆದು ಹಗ್ಗದ ಮೇಲೆ ಹರವುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚದವಳು ನಾಯಿ ಹಸಿದು ಕುಂಯ್‌ಗುಟ್ಟಿದರೆ ಒಲೆ ಹಚ್ಚಿ ನುಚ್ಚು ಬೇಯಿಸಿದಳು. "ಅದಕ್ಕೇನ್ ಗೊತ್ತು ಹೊತ್ತು ಮುಣಗಿದ್ದು. ಪಾಪ ಬರೂದಿದ್ರ ನನಗ ಬರಲಿ," ಎಂದಳು. ದಿನಾ ಅದರ ತುಟಿ ಎತ್ತಿ ವಸಡು ನೋಡುವಳು; ಆಮೇಲೆ ಕನ್ನಡಿಯ ಮುಂದೆ ತನ್ನ ಕೆಳತುಟಿ ಎಳೆದು ತನ್ನದನ್ನು ನೋಡುವಳು. ಎರಡೂ ಒಂದೇ ಬಣ್ಣವಾಗುವ ದಿನಕ್ಕೆ ಕಾಯುತ್ತಿದ್ದಳು.

ಬಣ್ಣ ಬಂತು. ಮೊದಲು ಹಳದಿ ಹೋಯಿತು, ಆಮೇಲೆ ವಸಡು ನಸುಗೆಂಪಾಯಿತು. ಡಾಕ್ಟರು ಗುಳಿಗೆ ಇಳಿಸಲು ಶುರುಮಾಡಿದರು. ನಾಯಿ ಮತ್ತೆ ನನ್ನ ಹಿಂದೆ ಹೊಲಕ್ಕೆ ಬರತೊಡಗಿತು.

ಗೋಕಾಕಿನಿಂದ ಬಂದ ದಿನವೇ ಅದಕ್ಕೆ ನನ್ನ ಕೈಯಿಂದ ಹಾಕುವುದನ್ನು ನಿಲ್ಲಿಸಿದ್ದೆ. ಅದಷ್ಟೇ ಸಾಕು ಎಂದುಕೊಂಡೆ. ಆದರೆ ಆ ಹಸಿವಿನ ನಾಯಿ ಕಟ್ಟಿದ ಬುತ್ತಿಯನ್ನು ಬಿಡುತ್ತದೆಯೇ? ನಾನು ನೀರು ಹಾಯಿಸಲು ಆ ಕಡೆ ಹೋದರೆ ಅದು ಬೇವಿನ ಮರದ ಕಡೆ ಹೋಗುತ್ತಿತ್ತು. "ಆಯಿ, ನಾಯಿಗೆ ಏನೂ ಹಾಕಬ್ಯಾಡ," ಎಂದೆ.

"ಯಾಕೋ? ಬ್ಯಾನಿ ಬಿದ್ದು ಎದ್ದೈತಿ. ಬಾಣಂತಿ ತಿಂದಾಂಗ ತಿಂತೈತಿ, ಪಾಪ. ನಿಂದೇನ್ ಹೋಕ್ಕೈತಿ, ನನ್ನ ಬುತ್ತಿ."

ಯಾಕೆ ಎಂದು ಹೇಳಿದ್ದರೆ ಅವಳು ಬಿಡುತ್ತಿದ್ದಳು. ಹೇಳಲಿಲ್ಲ. ಅವಳ ಸೊಸೆ ನಮ್ಮ ಓಣಿಯ ಎರಡು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆಯಿಗೆ ತಿಳಿದರೆ ಸೊಸೆಗೆ, ಸೊಸೆಗೆ ತಿಳಿದರೆ ಅಕ್ಕನಿಗೆ. ನಾಯಿಯನ್ನು ಮನೆಯಲ್ಲೇ ಕಟ್ಟಿಬಿಡಬಹುದಿತ್ತು. ಆಗ ಅಕ್ಕ ಯಾಕೆ ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಅದು ಝುಣಕದ ಡಬ್ಬಿಯೊಳಗೆ ಮೂತಿ ತೂರಿಸಿ ನೆಕ್ಕುತ್ತಿದ್ದುದನ್ನು ಕಣ್ಣಾರೆ ಕಂಡೆ. ಹಚಾ ಎಂದು ಓಡಿಸಿದೆ. ಅದು ಬಾಲ ಅಲ್ಲಾಡಿಸುತ್ತ ನನ್ನ ಕಾಲ ಬಳಿ ಬಂದು ಕುಳಿತಿತು. ಇದನ್ನು ಅದಕ್ಕೆ ಕಲಿಸಿದವನೇ ನಾನು.

ಸ್ವಲ್ಪ ದಿನಕ್ಕೆ ವಸಡು ಮತ್ತೆ ಬಿಳಿಚಿತು. ಅಷ್ಟರಲ್ಲಿ ಡಾಕ್ಟರರಿಗೆ ಹುಕ್ಕೇರಿಗೆ ವರ್ಗವಾಗಿತ್ತು. ಗುಳಿಗೆ ಮತ್ತೆ ಮೊದಲಿನಷ್ಟೇ ಕೊಡಿ, ಆದರೂ ಏಳದಿದ್ದರೆ ಕರೆತನ್ನಿ ಎಂದು ಹೇಳಿಕಳಿಸಿದರು. ಕೊಟ್ಟೆವು. ಆ ಹಸಿವಿಗೆ ನಾಯಿ ಕಾಲೆಳೆಯುತ್ತ ಬೇವಿನ ಮರದವರೆಗೆ ಬರುತ್ತಲೇ ಇತ್ತು, ಚೇತರಿಸಿಕೊಳ್ಳಲಿಲ್ಲ. ಹುಕ್ಕೇರಿ ಎಂಬ ಮಾತು ಬಂದಾಗ ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ನೀ ಒಯ್ದು ಬಾ," ಎಂದಳು.

ಒಬ್ಬನೇ ಒಯ್ದೆ. ಗೋಕಾಕಿನಲ್ಲಿ ಬಸ್ಸು ಬದಲಿಸಿ, ಘಟಪ್ರಭಾ ದಾಟಿ ಹೋಗುವವರೆಗೂ ನಾಯಿ ತೊಡೆಯ ಮೇಲೆ ಹಸಿ ಹತ್ತಿಯ ಮೂಟೆಯಂತೆ ಬಿದ್ದಿತ್ತು. ಡಾಕ್ಟರು ಮತ್ತೆ ರಕ್ತ ನೋಡಿದರು. ಅವರ ಮುಖ ಸಣ್ಣದಾಯಿತು.

"ಗುಳಿಗಿ ತಪ್ಪಿಲ್ಲಲ್ಲ?"

"ಇಲ್ರಿ."

"ತಿನ್ನೂದ್ರಾಗ ಏನರ ಬದಲ ಆಗೈತೇನು?"

ಈ ಸಲ ಪ್ರಶ್ನೆ ನನ್ನನ್ನೇ ಕೇಳಿದ್ದರು. ಅಕ್ಕ ಅಲ್ಲಿರಲಿಲ್ಲ. ಅವಳಿಗೆ ಹೇಳಬೇಡಿ ಎಂದು ಕೇಳಿಕೊಂಡಿದ್ದರೂ ನಡೆಯುತ್ತಿತ್ತು.

"ಏನೂ ಇಲ್ರಿ," ಎಂದೆ.

ಡಾಕ್ಟರು ಕೈ ತೊಳೆದುಕೊಂಡು ಬಂದು ನಿಧಾನವಾಗಿ ಹೇಳಿದರು. ಇಷ್ಟು ಗುಳಿಗೆ ಹೊಟ್ಟೆಯಲ್ಲಿದ್ದೂ ರಕ್ತ ಒಡೆಯುತ್ತಿದೆ ಎಂದರೆ ಗುಳಿಗೆ ಹಿಡಿಯುತ್ತಿಲ್ಲ. ಇದಕ್ಕಿಂತ ಹೆಚ್ಚು ಕೊಟ್ಟರೆ ಕರುಳು ಹುಣ್ಣಾಗುತ್ತದೆ. ಇದಕ್ಕಿಂತ ಬಿರುಸಾದ ಔಷಧ ಇಲ್ಲಿ ಸಿಗುವುದಿಲ್ಲ, ಸಿಕ್ಕರೂ ಕೊಡುವ ಧೈರ್ಯ ತಮಗಿಲ್ಲ. "ಅಕ್ಕಾರಿಗೆ ಹೇಳ್ರಿ. ಇರೂ ತನಕ ಸುಖದಾಗ ಇಡ್ರಿ."

ಮನೆಗೆ ಬಂದು ಅದನ್ನಷ್ಟೇ ಹೇಳಿದೆ. ಅಕ್ಕ ಅಳಲಿಲ್ಲ. ಸ್ನಾನ ಮಾಡಿ ಬಂದು ಪಡಸಾಲೆಯಲ್ಲಿ ಕುಳಿತಳು, ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅದರ ಕಿವಿ ಎತ್ತಿ, ಬಾಗಿ, ಣಮೋಕಾರ ಮಂತ್ರ ಹೇಳಲು ಶುರುಮಾಡಿದಳು. ಹೋಗುವ ಜೀವದ ಕಿವಿಯಲ್ಲಿ ಅದನ್ನು ಹೇಳುತ್ತೇವೆ. ಅಪ್ಪನ ಕಿವಿಯಲ್ಲೂ ಅವಳೇ ಹೇಳಿದ್ದಳು. ನಾಯಿ ಕಣ್ಣು ಮುಚ್ಚಿ ಕೇಳುತ್ತಿತ್ತು. ನಾನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ. ಬದುಕಬಹುದಾದ ಜೀವವನ್ನು ಇವಳು ಕಳಿಸಿಕೊಡುತ್ತಿದ್ದಾಳೆ, ಗೊತ್ತಿರುವವನು ನಾನೊಬ್ಬನೇ ಎಂದು ಹೊಳೆಯಿತು. ಚೊಂಬು ಅಲ್ಲೇ ಬಿಟ್ಟು ಬಂದು ಅವಳೆದುರು ನಿಂತು ಹೇಳಿದೆ. ಆಯಿಯ ಬುತ್ತಿ, ನಾನು ತಿಂದದ್ದು, ಉಳಿದದ್ದನ್ನು ಹಾಕಿದ್ದು, ಅದು ಈಗಲೂ ತಿನ್ನುತ್ತಿರುವುದು, ಹುಕ್ಕೇರಿಯಲ್ಲಿ ನಾನು ಆಡಿದ ಸುಳ್ಳು. ಹಿಂದುಮುಂದಾಗಿ, ತೊದಲಿ, ಎಲ್ಲವನ್ನೂ.

ಅಕ್ಕನ ಕೈ ನಾಯಿಯ ಕಿವಿಯ ಮೇಲೆ ಹಾಗೇ ಇತ್ತು.

"ಗೋಕಾಕದಾಗ ಡಾಕ್ಟರ ಕೇಳಿದಾಗ ನೀ ಅಲ್ಲೇ ಇದ್ದಿ."

"ಇದ್ದೆ."

"ನಾ ಹೇಳಿದ್ದು ನಿನಗ ಕೇಳಿಸ್ತು."

"ಕೇಳಿಸ್ತು."

"ಓಣಿಯವ್ರನ್ನ ಕೇಳ್ರಿ ಅಂದೆ ನಾ. ಎದಿ ಉಬ್ಬಿಸಿ ಅಂದೆ." ನಾಯಿಯ ಕಿವಿಯ ಮೇಲಿಂದ ಕೈ ತೆಗೆದಳು. "ನೀ ಏನ್ ತಿಂತಿ ಅನ್ನೂದು ನಿನ್ನ ಕರ್ಮ. ಸುಳ್ಳಾಡಿದ್ದು ನನ್ನ ಬಾಯಿ. ನೀ ಬಾಜೂಕ ನಿಂತು ಆಡಿಸಿದಿ."

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ನಾಯಿಯ ತಲೆಯ ಕೆಳಗೆ ಮಡಿಸಿದ ಸೀರೆ ಇಟ್ಟು ಎದ್ದಳು. "ಹುಕ್ಕೇರಿಗೆ ಹೋಗಾಕ ಮುಂಜಾನಿ ಮೊದಲ ಬಸ್ಸು ಎಷ್ಟೊತ್ತಿಗೈತಿ?" ಎಂದು ಕೇಳಿದಳು.

ಮರುದಿನ ಇಬ್ಬರೂ ಹೋದೆವು. ದೊಡ್ಡ ಸ್ಟೀಲ್ ಕ್ಯಾನಿನಲ್ಲಿ ಮನೆಯ ಸೋಸಿದ ನೀರು ತುಂಬಿಕೊಂಡಿದ್ದಳು, ಆ ಊರಿನ ನೀರು ಮುಟ್ಟಬಾರದೆಂದು. ಘಟಪ್ರಭಾ ಬರುವುದರೊಳಗೆ ಅರ್ಧ ನೀರನ್ನು ನಾಯಿಯೇ ಕುಡಿದಿತ್ತು, ಹುಕ್ಕೇರಿ ತಲುಪುವಾಗ ಕ್ಯಾನು ಬರಿದು. ಬಸ್ಸಿನಿಂದ ಇಳಿಯುವಾಗ ಕಡೆಯ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ಹಿಂದಿನವನು, "ಇಳೀರಿ ಬಾಯಾರ, ಬಸ್ಸು ಹಿಂಗ ಬೆಳಗಾವಿಗೆ ಹೋಕ್ಕೈತಿ," ಎಂದ. ಇಳಿದಳು. ದವಾಖಾನೆಯವರೆಗೆ ತಲೆ ಎತ್ತದೆ ನಡೆದಳು. ದಾರಿಯಲ್ಲಿ ಅವಳನ್ನು ಗುರುತಿಸಿದವರು ಇದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

"ಡಾಕ್ಟರ, ಅವತ್ತ ಗೋಕಾಕದಾಗ ನಾ ಹೇಳಿದ್ದು ಸುಳ್ಳರಿ," ಎಂದಳು, ಅವರು ಕುಳಿತುಕೊಳ್ಳಿ ಎನ್ನುವ ಮೊದಲೇ. "ನನಗ ಗೊತ್ತಿರಲಿಲ್ಲ. ಗೊತ್ತಿಲ್ಲದ ಆಡಿದ್ರೂ ಸುಳ್ಳು ಸುಳ್ಳನ. ಇದು ಉಳ್ಳಾಗಡ್ಡಿ ತಿಂದೈತಿ. ಭಾಳ ದಿವ್ಸದಿಂದ ತಿಂದೈತಿ. ಮೊನ್ನಿ ತನಕ ತಿಂದೈತಿ."

ನನ್ನ ಕಡೆ ಕೈ ತೋರಿಸಲಿಲ್ಲ. ಡಾಕ್ಟರರೇ ನನ್ನತ್ತ ನೋಡಿದರು.

"ದೊಡ್ಡ ಊರಾಗ ಮಷಿನ್ ಇರ್ತಾವಪಾ," ಎಂದರು. "ಇಲ್ಲಿ ನನ್ನ ಕಡೆ ಇರೂದು ಕೇಳೂದೊಂದ. ನೀವು ಹೇಳಿದ್ರ ನನಗ ಕಣ್ಣು, ಇಲ್ಲಂದ್ರ ನಾ ಕುರುಡ."

ನಾನು ಬಾಗಿ ನಾಯಿಯ ಕಾಲು ಹಿಡಿದುಕೊಂಡೆ. ಅಕ್ಕನೇ ಕೇಳಿದಳು, "ಅದರಿಂದನ ಬಂತೇನ್ರಿ ಈ ಬ್ಯಾನಿ?"

"ಹಂಗ ಅನ್ನಾಕ ಬರೂದಿಲ್ರಿ. ರಕ್ತ ಕಾಳ ಕಟ್ಟಿದ್ದು ನೀವೂ ನೋಡೀರಿ, ಅದು ಉಳ್ಳಾಗಡ್ಡಿದಲ್ಲ. ಬ್ಯಾನಿ ಮೈಯಾಗಿಂದನ ಬಂದೈತಿ. ಆದ್ರ ಒಂದು ಕಡಿಂದ ಮೈ ತಾನ ರಕ್ತ ಒಡಿಯಾಕತ್ತೈತಿ, ಇನ್ನೊಂದು ಕಡಿಂದ ಉಳ್ಳಾಗಡ್ಡಿ ಒಡಿಯಾಕತ್ತೈತಿ. ನಡುವ ಗುಳಿಗಿ ಒಂದ ಏನ್ ಮಾಡಬೇಕು?" ಗುಳಿಗೆ ಅಷ್ಟೇ ಮುಂದುವರಿಸಿ, ಹೊರಗೆ ಬಿಡಬೇಡಿ, ಕಾದು ನೋಡೋಣ ಎಂದರು. ಬದುಕುತ್ತದೆ ಎಂದು ಹೇಳಲಿಲ್ಲ.

ಅಲ್ಲಿ ನಾಯಿಗೆ ಮತ್ತೆ ನೀರು ಬೇಕಾಯಿತು. ಅಕ್ಕ ದವಾಖಾನೆಯ ನಳದಿಂದ ಕ್ಯಾನು ತುಂಬಿ, ಸೆರಗಿನಲ್ಲಿ ಸೋಸಿ ಕುಡಿಸಿದಳು. ತಾನು ಕುಡಿಯಲಿಲ್ಲ. ಗೋಕಾಕ ಮುಟ್ಟುವವರೆಗೆ ಅವಳ ತುಟಿ ಒಣಗಿಯೇ ಇತ್ತು. ನಾನೂ ಕುಡಿಯಲಿಲ್ಲ, ಆದರೆ ಅದರಿಂದ ಅವಳಿಗೇನೂ ಆಗಬೇಕಾಗಿರಲಿಲ್ಲ.

ಮಾರನೆಯ ದಿನ ಹೊಲದಲ್ಲಿ ಆಯಿಗೆ ಎಲ್ಲವನ್ನೂ ಹೇಳಿದೆ. ಅವಳು ಕಳೆ ತೆಗೆಯುವ ಕುರ್ಚಿಗಿ ಕೆಳಗಿಟ್ಟು ಕಣ್ಣು ಒರೆಸಿಕೊಂಡಳು. "ನನ್ನ ಕೈಲೆ ಹಾಕಿದ್ನಲ್ಲೋ. ಮೊದಲ ಹೇಳಾಕ ಏನಾಗಿತ್ತು ನಿನಗ? ನಾ ಬಾಯಿ ಹೊಲ್ಕೊಂಡು ಇರ್ತಿದ್ದೆ." ಇರುತ್ತಿದ್ದಳೋ ಏನೋ. ನಾನು ಅವಳನ್ನು ಪರೀಕ್ಷೆ ಮಾಡಿಯೇ ಇರಲಿಲ್ಲ.

ನಾಯಿ ನಿಧಾನವಾಗಿ ಎದ್ದಿತು. ಈ ಸಲ ಬಣ್ಣ ಬರಲು ಮೊದಲಿಗಿಂತ ಹೆಚ್ಚು ದಿನ ಹಿಡಿಯಿತು, ಕಾಲುಗಳು ಸೊರಗಿ ಹೊಟ್ಟೆ ಜೋತು ಬಿದ್ದಿತ್ತು. ಆದರೂ ಎದ್ದಿತು. ಹುಕ್ಕೇರಿಗೆ ಅಕ್ಕ ಪ್ರತಿ ಸಲ ತಾನೇ ಬಂದಳು, ಎರಡು ಕ್ಯಾನು ನೀರು ಹೊತ್ತು. ಡಾಕ್ಟರು ಏನಾದರೂ ಕೇಳಿದರೆ, "ಮೊದಲ ಇವನ್ನ ಕೇಳ್ರಿ. ಆಮ್ಯಾಲ ನಾ ಹೇಳ್ತೇನಿ," ಎನ್ನುತ್ತಿದ್ದಳು. ಮೊದಲ ಸಲ ಡಾಕ್ಟರು ನಕ್ಕರು. ಅವಳು ನಗದೆ ಇದ್ದುದನ್ನು ನೋಡಿ ಆಮೇಲೆ ನಗಲಿಲ್ಲ. ನಾನು ಹೇಳುತ್ತಿದ್ದೆ: ಏನು ತಿಂದಿತು, ಎಲ್ಲಿ ಹೋಗಿತ್ತು, ನಾನು ಎಷ್ಟು ಹೊತ್ತು ನೋಡಿರಲಿಲ್ಲ.

ಹೊಲದಲ್ಲಿ ಮತ್ತೆ ಉಳ್ಳಾಗಡ್ಡಿ ತಿಂದೆನೇ ಎಂದು ಅಕ್ಕ ಒಮ್ಮೆಯೂ ಕೇಳಲಿಲ್ಲ. ತಿನ್ನಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಒಂದು ವರ್ಷ ತಿನ್ನಲಿಲ್ಲ. ಆಮೇಲೆ ತಿಂದೆ, ಮನೆಗೆ ಬಂದು ಹೇಳಿದೆ. "ಕೈ ತೊಳಕೊಂಡು ಒಳಗ ಬಾ," ಎಂದಳು, ಅಷ್ಟೇ.

ನಾಯಿ ಇನ್ನೂ ಕೆಲವು ವರ್ಷ ಇತ್ತು. ಕೊನೆಗೆ ಅದೇ ಕಾಯಿಲೆ ಮರಳಿ ಬಂತು. ಆಗ ಅದು ಅಂಗಳ ಬಿಟ್ಟು ಹೋಗುತ್ತಿರಲಿಲ್ಲ, ಅದರ ತಟ್ಟೆಗೆ ಅಕ್ಕನಲ್ಲದೆ ಬೇರೆ ಯಾರೂ ಏನೂ ಹಾಕುತ್ತಿರಲಿಲ್ಲ. 'ಹಾಗಾದರೆ ಇದು ನನ್ನಿಂದಲ್ಲ' ಎಂದು ಮನಸ್ಸು ಹೇಳಿತು. 'ಮೊದಲೇ ಒಡೆದ ಪಾತ್ರೆ ಎಷ್ಟು ದಿನ ಬಾಳೀತು' ಎಂದೂ ಅದೇ ಮನಸ್ಸು ಹೇಳಿತು. ಎರಡರಲ್ಲಿ ಯಾವುದು ಖರೆ ಎಂದು ಹೇಳುವವರು ಯಾರೂ ಇರಲಿಲ್ಲ. ಆ ಡಾಕ್ಟರು ಬೇರೆ ಜಿಲ್ಲೆಗೆ ಹೋಗಿದ್ದರು. ಒಂದು ಬೆಳಿಗ್ಗೆ ಅಕ್ಕ ಒಗೆದ ಸೀರೆ ಹಾಸಿ ಮಲಗಿಸುವಾಗಲೇ ಅದು ಹೋಯಿತು.

ಅಕ್ಕ ಇಂದಿನವರೆಗೂ ಯಾರ ಮುಂದೆಯೂ ನನ್ನ ತಪ್ಪು ಎತ್ತಿ ಆಡಿಲ್ಲ. ಆದರೆ ಮನೆಗೆ ಬಂದವರು, "ನಿಮ್ಮ ಕೂಸಿಗೆ ಏನಾಗಿತ್ರಿ?" ಎಂದು ಅವಳನ್ನು ಕೇಳಿದರೆ ಅವಳು ಉತ್ತರ ಕೊಡುವುದಿಲ್ಲ. ನನ್ನ ಕಡೆ ತಿರುಗಿ ಸುಮ್ಮನೆ ಕುಳಿತಿರುತ್ತಾಳೆ. ನಾನು ರಕ್ತದ ಬೇನೆ ಎಂದಷ್ಟೇ ಹೇಳಿ ಮುಗಿಸಿದರೆ ಅವಳು ಏಳುವುದಿಲ್ಲ. ನಾನು ಹೊಲದಿಂದ, ಬುತ್ತಿಯಿಂದ ಶುರುಮಾಡಿ ಪೂರ್ತಿ ಹೇಳಿದ ಮೇಲೆಯೇ ಬಂದವರಿಗೆ ಚಹಾ ಇಡಲು ಒಳಗೆ ಹೋಗುತ್ತಾಳೆ.